ಹಲಗಿ, ಜಗ್ಗಲಗಿ ಮತ್ತು ಜಾತಿ: ಒಂದು ದಿನದ ಸಾರ್ವಜನಿಕ ಸಂವಾದ ಏರ್ಪಡಿಸುವ ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದಲ್ಲಿ ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ಬರವಿಲ್ಲ. 1890ರಲ್ಲಿ ಶುರುವಾದ ಕರ್ನಾಟಕ ವಿದ್ಯಾವರ್ಧಕ ಸಂಘದಿಂದ ಹಿಡಿದು ಓಣಿಯ ಯುವಕ ಮಂಡಳದವರೆಗೆ ಉಪನ್ಯಾಸ, ಸನ್ಮಾನ, ಪುಣ್ಯಸ್ಮರಣೆ ನಡೆಯುತ್ತಲೇ ಇರುತ್ತವೆ. ಕಡಿಮೆ ಇರುವುದು ಇನ್ನೊಂದು ಬಗೆಯ ಸಭೆ. ಒಂದು ಕಲೆಯನ್ನು ಊರಿನವರು ಹತ್ತಿರದಿಂದ ನೋಡಬೇಕು, ಮುಟ್ಟಬೇಕು; ಅದರ ಹಿಂದಿರುವ ದುಡಿಮೆ, ಕೂಲಿ, ಜಾತಿ, ಅವಮಾನದ ಮಾತನ್ನು ಆ ಕಲೆಯವರ ಬಾಯಿಂದಲೇ ಕೇಳಬೇಕು. ಅಂಥ ಒಂದು ದಿನವನ್ನು ಕಟ್ಟುವುದು ಹೇಗೆ ಎಂಬುದು ಇಲ್ಲಿದೆ. ಮಾದರಿಗೆ ಚರ್ಮವಾದ್ಯಗಳನ್ನು ಆರಿಸಿದ್ದೇವೆ: ಕಟ್ಟಿಗೆಯ ಬಳೆಗೆ ಚರ್ಮ ಬಿಗಿದು ಕೋಲಿನಿಂದ ಬಡಿಯುವ ಹಲಗಿ, ಬಂಡಿಯ ಗಾಲಿಯಷ್ಟು ದೊಡ್ಡ ಜಗ್ಗಲಗಿ. ಕಲಾವಿದರೂ ಸೇರಿ ಸುಮಾರು 120 ಜನ, ಒಂದು ಭಾನುವಾರ, ಒಂದು ಸಭಾಂಗಣ ಮತ್ತು ಅದರ ಅಂಗಳ ಎಂದು ಲೆಕ್ಕ ಹಿಡಿಯಿರಿ.

ಈ ಬಗೆಯ ಸಭೆಯಲ್ಲಿ ನ್ಯಾಯದ ಮಾತು ಯಾರು ಬೇಕಾದರೂ ಆಡುತ್ತಾರೆ. ಆದರೆ ವೇದಿಕೆಯ ಮೇಲೆ ಯಾರಿಗೆ ಕುರ್ಚಿ, ಯಾರಿಗೆ ಎಷ್ಟು ನಿಮಿಷ, ಆಮಂತ್ರಣ ಪತ್ರಿಕೆಯಲ್ಲಿ ಯಾರ ಹೆಸರು, ಯಾರ ಕೈಗೆ ಯಾವಾಗ ದುಡ್ಡು ಎಂಬುದನ್ನು ಸಂಘಟಕರು ಮೊದಲೇ ಬರೆದಿಟ್ಟುಕೊಳ್ಳದಿದ್ದರೆ ಎಲ್ಲವೂ ಹಳೇ ಪದ್ಧತಿಯಂತೆಯೇ ನಡೆದುಹೋಗುತ್ತದೆ. ಅದಕ್ಕಾಗಿ ಕೆಳಗಿನ ಹೆಚ್ಚಿನ ಮಾತು ಏರ್ಪಾಡಿನದೇ.

ವಿಷಯವಲ್ಲ, ಪ್ರಶ್ನೆ ಬೇಕು

"ಜಾನಪದ ಮತ್ತು ಸಾಮಾಜಿಕ ನ್ಯಾಯ" ಎಂಬ ಶೀರ್ಷಿಕೆ ಇಟ್ಟರೆ ಬಂದವರೆಲ್ಲ ಎಲ್ಲದರ ಬಗ್ಗೆ ಮಾತಾಡಿ ಹೋಗುತ್ತಾರೆ. ಒಂದೇ ವಾಕ್ಯದ ಪ್ರಶ್ನೆ ಬರೆಯಿರಿ. ನಮ್ಮ ಮಾದರಿಯ ಪ್ರಶ್ನೆ ಇದು: ಜಾತ್ರೆ, ಹೋಳಿ, ಮೆರವಣಿಗೆ ಯಾವುದೂ ಹಲಗಿ ಇಲ್ಲದೆ ನಡೆಯದಿರುವಾಗ, ಅದನ್ನು ಮಾಡುವವರಿಗೂ ಬಡಿಯುವವರಿಗೂ ಊರು ಏನು ಕೊಟ್ಟಿದೆ?

ಈ ಪ್ರಶ್ನೆಗೆ ಎರಡು ಮಗ್ಗುಲಿವೆ, ಎರಡೂ ಸಭೆಯಲ್ಲಿ ಇರಲೇಬೇಕು. ಹಲಗಿ ಬಡಿಯುವುದು ಹಲವು ಊರುಗಳಲ್ಲಿ ದಲಿತ ಕೇರಿಗೆ ಹೊರಿಸಿದ ಬಿಟ್ಟಿ ಚಾಕರಿಯಾಗಿತ್ತು. ಸಾವಿನ ಮನೆಗೆ, ಡಂಗುರಕ್ಕೆ, ದೇವರ ಮುಂದೆ ಬಡಿಯಲೇಬೇಕು, ಆದರೆ ಗುಡಿಯ ಹೊಸ್ತಿಲು ದಾಟುವಂತಿಲ್ಲ. ಅದಕ್ಕೇ ಇನ್ನು ಮೇಲೆ ಹಲಗಿ ಮುಟ್ಟುವುದಿಲ್ಲ ಎಂದು ಕೆಳಗಿಟ್ಟ ಕುಟುಂಬಗಳಿವೆ. ಇನ್ನೊಂದು ಕಡೆ, 1970ರ ದಶಕದಿಂದ ದಲಿತ ಚಳವಳಿಯ ಸಭೆ-ಮೆರವಣಿಗೆಗಳಲ್ಲಿ ಅದೇ ತಮಟೆ, ಅದೇ ಹಲಗಿ ಸ್ವಾಭಿಮಾನದ ಸದ್ದಾಯಿತು. ಬಡಿಯುವವರನ್ನು ಮಾತ್ರ ಕರೆದರೆ ಕಾರ್ಯಕ್ರಮ ಕಲಾ ಪ್ರದರ್ಶನವಾಗಿ ಮುಗಿಯುತ್ತದೆ. ಬಿಟ್ಟವರನ್ನು ಮಾತ್ರ ಕರೆದರೆ ಇಂದಿಗೂ ಅದರಲ್ಲೇ ಹೊಟ್ಟೆ ಹೊರೆಯುವವರ ಮೇಲೆ ತೀರ್ಪು ಕೊಟ್ಟಂತಾಗುತ್ತದೆ.

ಚರ್ಮವಾದ್ಯ ನಿಮ್ಮ ಊರಿಗೆ ಹೊಂದದಿದ್ದರೆ ಇದೇ ಚೌಕಟ್ಟಿಗೆ ಬೇರೆ ವಿಷಯ ತರಬಹುದು. ನವಲಗುಂದದ ಜಮಖಾನೆ ನೇಯುವ ಮುಸ್ಲಿಂ ಹೆಣ್ಣುಮಕ್ಕಳ ಕೂಲಿ. ಎಳೆ ಎಣಿಸಿ ಹಾಕುವ ಕಸೂತಿಯ ಗವಂತಿ, ಮುರ್ಗಿ, ನೇಗಿ, ಮೆಂತಿ ಹೊಲಿಗೆಗಳು ಮತ್ತು ಆ ಗಂಟೆಗಳಿಗೆ ಸಿಗುವ ಬೆಲೆ. ಗದಗ-ಬೆಟಗೇರಿಯ ಕೈಮಗ್ಗ. ರಾಗಿ ಮತ್ತು ಭತ್ತದ ಜಗಳದಲ್ಲಿ ಬಡವರ ಧಾನ್ಯವನ್ನು ಗೆಲ್ಲಿಸಿದ ಕನಕದಾಸರ 'ರಾಮಧಾನ್ಯ ಚರಿತೆ'ಯನ್ನು ಹಾವೇರಿ ಜಿಲ್ಲೆಯ ಕಾಗಿನೆಲೆಯಲ್ಲೋ ಬಾಡದಲ್ಲೋ ಓದಿ, ಇಂದಿನ ಅನ್ನದ ಮಾತಾಡುವುದು. 2010ರಲ್ಲಿ ಸವಣೂರಿನಲ್ಲಿ ಮಲ ಹೊರುವ ಕೆಲಸದ ಕುಟುಂಬದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಆ ನೆಲದಲ್ಲಿ ಸ್ವಚ್ಛತೆ ಮತ್ತು ಜಾತಿ ಎಂಬ ವಿಷಯವನ್ನು ಯಾರೂ ಹೊರಗಿನಿಂದ ತರಬೇಕಾಗಿಲ್ಲ.

ಎಂಟು ವಾರ ಮೊದಲು: ಕೇರಿಗೆ ಹೋಗಿ

ದಿನಾಂಕ ಗೊತ್ತು ಮಾಡುವ ಮೊದಲೇ ಕಲಾವಿದರನ್ನು ಭೇಟಿ ಮಾಡಿ. ಪತ್ರಿಕೆ ಅಚ್ಚು ಹಾಕಿಸಿಕೊಂಡು ಹೋಗಿ "ಬರ್ರಿ, ನಿಮ್ಮದೂ ಒಂದು ಕಾರ್ಯಕ್ರಮ ಐತಿ" ಅಂದರೆ ಅವರು ಬರುತ್ತಾರೆ, ಬಡಿಯುತ್ತಾರೆ, ಹೋಗುತ್ತಾರೆ; ಮಾತು ಹೊರಡುವುದಿಲ್ಲ. ಹಿರಿಯರನ್ನು ಅಜ್ಜಾರ, ಅಣ್ಣಾರ, ಅಕ್ಕಾರ ಎಂದೇ ಮಾತಾಡಿಸಿ. ಕಾಲೇಜಿನ ಹುಡುಗರು ತಂದೆಯ ವಯಸ್ಸಿನ ಹಲಗಿಯವರಿಗೆ ಏಕವಚನ ಹಚ್ಚುವ ಹಳೆಯ ರೂಢಿ ಇನ್ನೂ ಹೋಗಿಲ್ಲ. ತಂಡದ ಸ್ವಯಂಸೇವಕರಿಗೆ ಇದನ್ನು ಮೊದಲ ದಿನವೇ ಹೇಳಿ.

ಮೊದಲ ಭೇಟಿಯಲ್ಲಿ ಕೇಳಬೇಕಾದವು: ಈ ಪ್ರಶ್ನೆ ಸರಿ ಇದೆಯೇ, ಯಾವುದನ್ನು ಸಭೆಯಲ್ಲಿ ಆಡಬಾರದು, ಯಾರು ಮಾತಾಡಬೇಕು, ಚರ್ಮ ಈಗ ಎಲ್ಲಿಂದ ಬರುತ್ತದೆ, ಒಂದು ದಿನಕ್ಕೆ ಎಷ್ಟು ತೆಗೆದುಕೊಳ್ಳುತ್ತೀರಿ. ಚರ್ಮದ ಮಾತು ಮುಖ್ಯ. 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆಯಲ್ಲಿ ಹಸು, ಎತ್ತು, ಕರುಗಳ ಜೊತೆಗೆ 13 ವರ್ಷದೊಳಗಿನ ಎಮ್ಮೆ-ಕೋಣಗಳೂ ಸೇರಿವೆ. ಕಾಯ್ದೆ ಬಂದ ಮೇಲೆ ವಾದ್ಯಕ್ಕೆ ತಕ್ಕ ಚರ್ಮ ಸಿಗುತ್ತಿದೆಯೇ, ಬೆಲೆ ಏನಾಗಿದೆ, ಫೈಬರ್ ಹಾಳೆಗೆ ಹೋದವರು ಏಕೆ ಹೋದರು ಎಂಬುದು ಅವರಿಗೇ ಗೊತ್ತು. ಇದನ್ನು ಬಹಿರಂಗವಾಗಿ ಮಾತಾಡಲು ಅವರು ಒಪ್ಪದಿದ್ದರೆ ಒತ್ತಾಯ ಬೇಡ.

ಎರಡನೇ ಭೇಟಿ ಐದನೇ ವಾರದಲ್ಲಿ. ಆ ಹೊತ್ತಿಗೆ ದಿನದ ಕರಡು ಕೈಯಲ್ಲಿರಲಿ, ಓದಿ ಹೇಳಿ, ಅವರು ಹೇಳಿದ್ದನ್ನು ಅಲ್ಲೇ ತಿದ್ದಿ. ಎರಡೂ ಭೇಟಿಗಳು ಸಂಜೆ ಏಳರ ನಂತರವಿರಲಿ; ಹಗಲು ಕರೆದರೆ ಒಬ್ಬೊಬ್ಬರ ಕೂಲಿ ತಪ್ಪುತ್ತದೆ. ಹಗಲೇ ಬೇಕಾದರೆ ಆ ದಿನದ ಪಗಾರು ನೀವು ಕೊಡಬೇಕು.

ದಿನ ಮತ್ತು ಹೊತ್ತು

ಹೋಳಿ ಹುಣ್ಣಿಮೆಯಿಂದ ಯುಗಾದಿಯವರೆಗೆ ಜಗ್ಗಲಗಿ ತಂಡಗಳಿಗೆ ಬಿಡುವಿಲ್ಲ. ಹುಬ್ಬಳ್ಳಿಯ ಬಣ್ಣ ರಂಗಪಂಚಮಿಗೆ, ಹೀಗಾಗಿ ಆ ವಾರ ಪೂರ್ತಿ ಅವರ ದುಡಿಮೆಯ ದಿನಗಳು. ಜೂನ್‌ನಿಂದ ಸೆಪ್ಟೆಂಬರ್ ತನಕ ಹವೆಯಲ್ಲಿ ತೇವ, ಚರ್ಮ ಸಡಿಲಾಗಿ ಸದ್ದು ಮಂಕಾಗುತ್ತದೆ. ಮೇ ತಿಂಗಳ ಮಧ್ಯಾಹ್ನ ಧಾರವಾಡದಲ್ಲಿ ಅಡ್ಡಮಳೆ ಯಾವಾಗ ಬೀಳುತ್ತದೋ ಹೇಳಲಾಗದು. ಎರೆ ಸೀಮೆಯಲ್ಲಿ ಫೆಬ್ರುವರಿಗೆ ಹಿಂಗಾರಿ ಜೋಳ, ಕಡಲೆಯ ಸುಗ್ಗಿ. ಹಾಗಾಗಿ ನವೆಂಬರ್ ಕೊನೆಯಿಂದ ಜನವರಿ ಮೊದಲರ್ಧದ ತನಕ ಒಳ್ಳೆಯದು. ಅಮಾವಾಸ್ಯೆ, ಊರ ಜಾತ್ರೆ, ಸಂತೆಯ ದಿನ ಬಿಡಿ.

ಮುಗಿಯುವ ಹೊತ್ತನ್ನು ಬಸ್ಸು ನೋಡಿ ಗೊತ್ತು ಮಾಡಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸು ಉಚಿತ. ಹಳ್ಳಿಯಿಂದ ತಾಯಂದಿರು ಬರುವುದು ಸುಲಭವಾಗಿದೆ. ಆದರೆ ಹಳ್ಳಿಯ ಕೊನೆಯ ಬಸ್ಸು ತಪ್ಪಿದರೆ ಆ ಉಚಿತ ಟಿಕೆಟ್ಟಿನಿಂದ ಉಪಯೋಗವಿಲ್ಲ. ಸಂಜೆ 5.30ಕ್ಕೆ ಮುಗಿಸಿ. ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ಸು ಇರುವುದರಿಂದ ಅವಳಿ ನಗರದವರಿಗೆ ಚಿಂತೆಯಿಲ್ಲ. ಕಲಘಟಗಿ, ಶಿರಹಟ್ಟಿ, ಶಿಗ್ಗಾವಿ ಕಡೆಯವರ ಬಸ್ಸಿನ ಹೊತ್ತನ್ನು ಡಿಪೋದಲ್ಲಿ ಕೇಳಿ, ಹಾಳೆಯ ಮೇಲೆ ಬರೆದು ಬಾಗಿಲಲ್ಲಿ ಅಂಟಿಸಿ.

ಜಾಗ: ಅಂಗಳ ಇಲ್ಲದಿದ್ದರೆ ಬೇಡ

ಧಾರವಾಡದಲ್ಲಿ ವಿದ್ಯಾವರ್ಧಕ ಸಂಘ, ಕಲಾಭವನ, ಸೃಜನಾ ರಂಗಮಂದಿರ, ಹುಬ್ಬಳ್ಳಿಯಲ್ಲಿ ಸವಾಯಿ ಗಂಧರ್ವ ಸಭಾಂಗಣ ಎಲ್ಲರಿಗೂ ಗೊತ್ತಿರುವ ಜಾಗಗಳು. ಜಿಲ್ಲಾ, ತಾಲೂಕು ಕೇಂದ್ರಗಳ ಅಂಬೇಡ್ಕರ್ ಭವನಗಳನ್ನು ಸಮಾಜ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಬಹುದು. ನಮ್ಮ ಒಲವು ಅಂಬೇಡ್ಕರ್ ಭವನದ ಕಡೆಗೇ. ಕೇರಿಯ ಜನ ಹಿಂಜರಿಯದೆ ಒಳಗೆ ಬರುತ್ತಾರೆ; ನಗರದ ಸಾಹಿತ್ಯಾಸಕ್ತರು ಒಂದು ದಿನ ಅವರ ಜಾಗಕ್ಕೆ ಬಂದು ಕೂರಲಿ.

ಜಾಗ ನೋಡುವಾಗ ಟೇಪು ಹಿಡಿದುಕೊಂಡು ಹೋಗಿ. ಜಗ್ಗಲಗಿ ಎಂದರೆ ಎತ್ತಿನ ಬಂಡಿಯ ಗಾಲಿಗೆ ಎಮ್ಮೆ ಚರ್ಮ ಬಿಗಿದದ್ದು. ಉರುಳಿಸಿಕೊಂಡು ಬಡಿಯುವ ವಾದ್ಯ ಅದು, ಒಂದು ಸಣ್ಣ ಟೆಂಪೊದಲ್ಲಿ ಎರಡು-ಮೂರು ಹಿಡಿದರೆ ಹೆಚ್ಚು. ಬಾಗಿಲ ಅಗಲ, ಮೆಟ್ಟಿಲಿನ ತಿರುವು, ಗೇಟಿನೊಳಗೆ ಟೆಂಪೊ ಬರುತ್ತದೆಯೇ ಎಂದು ಅಳೆಯಿರಿ. ವಾದ್ಯ ಒಳಗೆ ಹೋಗದೆ ಕಲಾವಿದರು ಬಾಗಿಲಲ್ಲೇ ನಿಲ್ಲುವಂತಾದರೆ ಇಡೀ ದಿನದ ಆಶಯವೇ ಅಲ್ಲಿ ಕೆಡುತ್ತದೆ.

ಎರಡನೆಯದು ಬೆಂಕಿ. ಹಲಗಿಯನ್ನು ಬಡಿಯುವ ಮೊದಲು ಕಾಯಿಸಬೇಕು. ಒಣ ಹುಲ್ಲು, ರದ್ದಿ ಕಾಗದದ ಉರಿಯ ಮುಂದೆ ಹಿಡಿದು ತಿರುಗಿಸುತ್ತ, ನಡುನಡುವೆ ಬೆರಳಿನಿಂದ ತಟ್ಟಿ ನೋಡುತ್ತಾರೆ. ತೇವ ಹೋಗಿ ಚರ್ಮ ಬಿಗಿಯುತ್ತಿದ್ದಂತೆ ಸದ್ದು ಮಂದದಿಂದ ಚುರುಕಾಗುತ್ತದೆ. ಹೆಚ್ಚು ಕಾದರೆ ಚರ್ಮ ಸೀಳುತ್ತದೆ. ಇದಕ್ಕೆ ಕಟ್ಟಡದಿಂದ, ಪೆಂಡಾಲಿನ ಬಟ್ಟೆಯಿಂದ ಕನಿಷ್ಠ 20 ಅಡಿ ದೂರದ ತೆರೆದ ಜಾಗ, ಎರಡು ಬಕೆಟ್ ಉಸುಕು, ಒಂದು ಕೊಡ ನೀರು ಬೇಕು. ಸಭಾಂಗಣದ ಕಾವಲುಗಾರರಿಗೆ ಹಿಂದಿನ ದಿನವೇ ತಿಳಿಸಿ, ಬಾಡಿಗೆ ಪತ್ರದಲ್ಲೂ ಬರೆಸಿ. ಹೇಳದೆ ಹೋದರೆ ಅದೇ ಹೊತ್ತಿಗೆ ಯಾರೋ ಓಡಿ ಬಂದು ಕಲಾವಿದರನ್ನು ಗದರಿಸುತ್ತಾರೆ.

ಪರವಾನಿಗೆ

ಸಭಾಂಗಣದ ರಸೀದಿ ಕೈಗೆ ಬಂದ ಕೂಡಲೇ, ತಡವಾದರೂ ಹತ್ತು ದಿನ ಮೊದಲು, ಪೊಲೀಸ್ ಠಾಣೆಗೆ ಅರ್ಜಿ ಕೊಡಿ. ಅವಳಿ ನಗರದಲ್ಲಿ ಪೊಲೀಸ್ ಕಮಿಷನರೇಟ್ ಇದೆ; ಗದಗ, ಹಾವೇರಿಯಲ್ಲಿ ಆಯಾ ಠಾಣೆಯಿಂದ ಮೇಲಕ್ಕೆ ಹೋಗುತ್ತದೆ. ಅರ್ಜಿಯಲ್ಲಿ ಇಬ್ಬರು ಸಂಘಟಕರ ಹೆಸರು-ಮೊಬೈಲ್, ವಿಷಯ, ಮಾತಾಡುವವರ ಪಟ್ಟಿ, ಜನಸಂಖ್ಯೆ, ಹೊತ್ತು, ಧ್ವನಿವರ್ಧಕದ ವಿವರ ಇರಲಿ. ಇನ್ನೊಂದು ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ, ಕಾರ್ಯಕ್ರಮದ ದಿನ ಅದು ಜೇಬಿನಲ್ಲಿರಲಿ.

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಿನಲ್ಲಿ ಧ್ವನಿವರ್ಧಕ ನಿಷಿದ್ಧ. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಭಾನುವಾರ ಶಾಲೆ ಇಲ್ಲದಿದ್ದರೂ ಆಸ್ಪತ್ರೆ ಇರುತ್ತದೆ, ಆದ್ದರಿಂದ ಸುತ್ತಲೂ ಒಮ್ಮೆ ನಡೆದು ನೋಡಿ. ಬಸ್ ನಿಲ್ದಾಣದಿಂದ ಸಭಾಂಗಣದ ತನಕ ಜಗ್ಗಲಗಿ ಉರುಳಿಸಿಕೊಂಡು ಬರುವ ಆಸೆ ಎಲ್ಲ ಸಂಘಟಕರಿಗೂ ಇರುತ್ತದೆ. ಅದು ಮೆರವಣಿಗೆಯ ಲೆಕ್ಕಕ್ಕೆ ಬರುತ್ತದೆ, ಬೇರೆ ಪರವಾನಿಗೆ ಬೇಕು. ಸಿಗದಿದ್ದರೆ ಅಂಗಳವೇ ಸಾಕು. ಚುನಾವಣಾ ನೀತಿ ಸಂಹಿತೆ ಬರುವ ಸಂಭವವಿದ್ದರೆ ಚುನಾಯಿತ ಪ್ರತಿನಿಧಿಗಳ ಹೆಸರನ್ನು ಪತ್ರಿಕೆಯಲ್ಲಿ ಹಾಕಲೇಬೇಡಿ.

ಪ್ಲಾಸ್ಟಿಕ್ ಫ್ಲೆಕ್ಸ್‌ಗೆ ರಾಜ್ಯದಲ್ಲಿ ನಿಷೇಧವಿದೆ. ಬಟ್ಟೆಯ ಬ್ಯಾನರ್ ಬರೆಸಿ, 10 ಅಡಿ ಅಗಲ 6 ಅಡಿ ಎತ್ತರ ಸಾಕು.

ಆಮಂತ್ರಣ ಪತ್ರಿಕೆ

ಇಲ್ಲಿಯೇ ಹೆಚ್ಚಿನ ಸಭೆಗಳು ಎಡವುತ್ತವೆ. ಪ್ರಾಧ್ಯಾಪಕರಿಗೆ ಡಾ., ಪದವಿ, ಹುದ್ದೆ, ಊರು. ಕಲಾವಿದರಿಗೆ ಒಬ್ಬರ ಹೆಸರು ಹಾಕಿ "ಮತ್ತು ಸಂಗಡಿಗರು". ಹನ್ನೆರಡು ಜನರ ತಂಡದಲ್ಲಿ ಹನ್ನೊಂದು ಜನ ಆ ಒಂದು ಶಬ್ದದಲ್ಲಿ ಮಾಯವಾಗುತ್ತಾರೆ. ಎಲ್ಲರ ಪೂರ್ಣ ಹೆಸರು, ಊರು, ಅವರು ಬಡಿಯುವ ಅಥವಾ ಮಾಡುವ ವಾದ್ಯ ಅಚ್ಚಾಗಲಿ. ಅಕ್ಷರದ ಗಾತ್ರ ಎಲ್ಲರಿಗೂ ಒಂದೇ. ಹೆಸರಿನ ಕಾಗುಣಿತವನ್ನು ಅವರಿಗೇ ಓದಿ ತೋರಿಸಿ. ಜಾತಿಯನ್ನು ಅಚ್ಚು ಹಾಕಬೇಡಿ; ಹೇಳುವುದು ಬಿಡುವುದು ಅವರ ಇಷ್ಟ.

ಉದ್ಘಾಟಕರು, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು, ಉಪಸ್ಥಿತರು ಎಂಬ ಸಾಲುಗಳನ್ನು ಪೂರ್ತಿ ಬಿಡಿ. ಒಂದು ಸಾಲು ಬಂದರೆ ಇನ್ನೊಂದಕ್ಕೆ ಒತ್ತಡ ಬಂದೇ ಬರುತ್ತದೆ. ಮುಜುಗರವಾಗದಂತೆ ಹೇಳುವ ದಾರಿ: "ಈ ಸಲ ವೇದಿಕೆ ಮ್ಯಾಲೆ ಯಾರನ್ನೂ ಕೂಡ್ಸಂಗಿಲ್ರಿ ಸರ್, ಎಲ್ಲಾರೂ ಕೆಳಗ ಜಮಖಾನಿ ಮ್ಯಾಲೆ. ನೀವು ಬಂದ್ರ ಭಾಳ ಸಂತೋಷ." ಬರುವವರು ಬರುತ್ತಾರೆ.

ಪತ್ರಿಕಾ ಕಚೇರಿಗಳಿಗೆ ಮೂರು ದಿನ ಮೊದಲು ಅರ್ಧ ಪುಟದ ಪ್ರಕಟಣೆ ಕೊಡಿ, ಆಕಾಶವಾಣಿ ಧಾರವಾಡಕ್ಕೂ ತಿಳಿಸಿ. ಆದರೆ ಜನ ಬರುವುದು ಹೇಳಿಕೆಯಿಂದ. ವಿದ್ಯಾರ್ಥಿ ವಸತಿ ನಿಲಯಗಳು, ಪೌರಕಾರ್ಮಿಕರ ಕಾಲನಿ, ಸ್ತ್ರೀಶಕ್ತಿ ಸಂಘಗಳಿಗೆ ಇಬ್ಬಿಬ್ಬರು ಖುದ್ದಾಗಿ ಹೋಗಿ ಬರಲಿ.

ಹಣ

ಒಟ್ಟು ಖರ್ಚಿನ ಅರ್ಧ ಕಲಾವಿದರಿಗೆ ಹೋಗುವಂತೆ ಆಯವ್ಯಯ ಹಾಕಿ, ಉಳಿದ ಅರ್ಧದಲ್ಲಿ ಜಾಗ, ಊಟ, ಧ್ವನಿ, ಅಚ್ಚು ಎಲ್ಲ ಮುಗಿಯಲಿ. ಮುಗಿಯದಿದ್ದರೆ ಅಚ್ಚಿನ ಖರ್ಚನ್ನು ಕಡಿಮೆ ಮಾಡಿ. ಗೌರವಧನ ತಂಡದ ಮುಖ್ಯಸ್ಥರ ಕೈಗೆ ಒಟ್ಟಿಗೆ ಕೊಡುವುದೋ ಒಬ್ಬೊಬ್ಬರಿಗೇ ಕೊಡುವುದೋ ಎಂದು ತಂಡವನ್ನೇ ಕೇಳಿ. ಉಪನ್ಯಾಸಕರಿಗೆ ಕೊಡುವಷ್ಟನ್ನೇ ಪ್ರತಿ ಕಲಾವಿದರಿಗೂ ಕೊಡುವುದು ನಮ್ಮ ಸಲಹೆ. ಮಾತಿನ ಅರ್ಧ ಗಂಟೆಗಿಂತ ದಿನವಿಡೀ ಬಡಿಯುವ ಕೈಗೆ ಕಡಿಮೆ ಬೆಲೆ ಏಕೆ ಎಂಬುದಕ್ಕೆ ಈ ವಿಷಯ ಇಟ್ಟುಕೊಂಡ ಸಭೆಯಲ್ಲಿ ಉತ್ತರವಿರುವುದಿಲ್ಲ.

ಹಣ ಅದೇ ದಿನ, ಊಟಕ್ಕೆ ಮೊದಲೇ, ಮರೆಯಲ್ಲಿ ಕೊಡಿ. "ಬಿಲ್ ಪಾಸ್ ಆದ ಮೇಲೆ" ಎಂಬ ಮಾತಿನಲ್ಲಿ ತಿಂಗಳುಗಟ್ಟಲೆ ಅಲೆದವರು ಅವರು. ಅನುದಾನ ತಡವಾಗುವುದಿದ್ದರೆ ಸಂಘಟಕರು ಕೈಯಿಂದ ಹಾಕಿ ಆಮೇಲೆ ತೆಗೆದುಕೊಳ್ಳಲಿ. 5,000 ರೂಪಾಯಿ ದಾಟಿದ ರಸೀದಿಗೆ 1 ರೂಪಾಯಿಯ ರೆವಿನ್ಯೂ ಸ್ಟಾಂಪ್ ಬೇಕು. ಭಾನುವಾರ ಅಂಚೆ ಕಚೇರಿ ಮುಚ್ಚಿರುತ್ತದೆ, ಮೊದಲೇ ತಂದಿಡಿ. ಟೆಂಪೊ ಬಾಡಿಗೆ ಬೇರೆಯಾಗಿ ಕೊಡಿ, ಗೌರವಧನದಲ್ಲಿ ಸೇರಿಸಬೇಡಿ.

ದಿನದ ಕ್ರಮ

9.30 – ಉಪ್ಪಿಟ್ಟು, ಚಹಾ. ವಾದ್ಯಗಳ ಮೇಜು ಮತ್ತು ಚಿತ್ರ ಪ್ರದರ್ಶನ ನೋಡುವುದು
10.15 – ಅಂಗಳದಲ್ಲಿ ಹಲಗಿ ಕಾಯಿಸುವುದು, ಜಗ್ಗಲಗಿ
10.45 – ಸ್ವಾಗತ ಐದು ನಿಮಿಷ, ಪ್ರಶ್ನೆ ಮುಂದಿಡುವುದು ಹತ್ತು ನಿಮಿಷ
11.00 – ವಾದ್ಯ ಮಾಡುವವರ ಪ್ರಾತ್ಯಕ್ಷಿಕೆ
12.15 – ಬಡಿಯುವವರು ಇಬ್ಬರು, ಬಿಟ್ಟವರು ಇಬ್ಬರು: ಮಾತುಕತೆ
1.30 – ಊಟ
2.30 – ಎಂಟೆಂಟು ಜನರ ಗುಂಪು
3.15 – ಒಂದೇ ಉಪನ್ಯಾಸ, 25 ನಿಮಿಷ
3.45 – ಎಲ್ಲರೂ ಸೇರಿ ಸಂವಾದ
5.00 – ಹಲಗಿ ಮಜಲು (ತಂಡದ ಹಲಗಿ ವಾದನ)

ಪ್ರಾರ್ಥನೆ, ದೀಪ, ಪುಷ್ಪಾರ್ಪಣೆ, ಪ್ರಾಸ್ತಾವಿಕ, ಉದ್ಘಾಟನಾ ನುಡಿ, ಅಧ್ಯಕ್ಷೀಯ ನುಡಿ, ಸನ್ಮಾನ, ವಂದನಾರ್ಪಣೆ ಎಂಬ ವಾಡಿಕೆಯ ಕ್ರಮಕ್ಕೆ ಎರಡೂವರೆ ಗಂಟೆ ಬೇಕು. ಆಮೇಲೆ ಜನ ಎದ್ದು ಹೋಗುವ ಹೊತ್ತಿಗೆ "ಈಗ ಸಾಂಸ್ಕೃತಿಕ ಕಾರ್ಯಕ್ರಮ" ಎನ್ನುತ್ತಾರೆ. ಈ ಕ್ರಮವನ್ನು ಉಳಿಸಿಕೊಂಡು ಒಳಗಿನದನ್ನು ಬದಲಾಯಿಸಲಾಗದು, ಪೂರ್ತಿ ತೆಗೆಯಬೇಕು. ಅತಿಥಿಗಳು ಕಲಾವಿದರ ಕೈಯಿಂದ ಕೋಲು ತೆಗೆದುಕೊಂಡು ಹಲಗಿಗೆ ಎರಡು ಪೆಟ್ಟು ಹಾಕಿ ಫೋಟೊ ತೆಗೆಸಿಕೊಳ್ಳುವ ಉದ್ಘಾಟನೆಯಂತೂ ಬೇಡವೇ ಬೇಡ. ಬಡಿಯಲು ಬರುವವರು ಅಲ್ಲೇ ಇದ್ದಾರೆ.

ಉಪನ್ಯಾಸ ಮಧ್ಯಾಹ್ನಕ್ಕೆ ಹೋಗಿರುವುದಕ್ಕೂ ಕಾರಣವಿದೆ. ವಿದ್ವಾಂಸರು ಮೊದಲು ಮಾತಾಡಿದರೆ ಮುಂದಿನ ಎಲ್ಲರೂ ಅವರ ಶಬ್ದಗಳಲ್ಲೇ ಮಾತಾಡಲು ಯತ್ನಿಸುತ್ತಾರೆ, ಕಲಾವಿದರು "ಸರ್ ಹೇಳಿದಂಗ" ಎಂದು ನಿಲ್ಲಿಸಿಬಿಡುತ್ತಾರೆ. ಕೊನೆಗೆ ಮಾತಾಡುವ ವಿದ್ವಾಂಸರು ತಾವು ಕೇಳಿದ್ದಕ್ಕೆ ಇತಿಹಾಸದ ಕೊಂಡಿ ಹಾಕುವಂತಾಗಬೇಕು. ಅವರು ಬೆಳಿಗ್ಗೆಯಿಂದ ಕೂತಿರಲೇಬೇಕು ಎಂಬುದನ್ನು ಆಹ್ವಾನಿಸುವಾಗಲೇ ಹೇಳಿ. ಒಪ್ಪದಿದ್ದರೆ ಬೇರೆಯವರನ್ನು ನೋಡಿ.

ಪ್ರಾತ್ಯಕ್ಷಿಕೆ ಮತ್ತು ವಾದ್ಯಗಳ ಮೇಜು

ಈ ದಿನದ ಜೀವ ಇರುವುದು ಇಲ್ಲಿ. ಹಸಿ ಚರ್ಮ ಹಲಗಿಯಾಗಲು ದಿನಗಳೇ ಬೇಕು, ಆದ್ದರಿಂದ ಪ್ರತಿ ಹಂತದ ಒಂದೊಂದು ತುಣುಕನ್ನು ಮಾಡುವವರಿಂದಲೇ ಮೊದಲೇ ತಯಾರು ಮಾಡಿಸಿ, ಅವರ ಶ್ರಮಕ್ಕೆ ಹಣ ಕೊಡಿ: ಕೂದಲಿರುವ ಚರ್ಮ, ಸುಣ್ಣದಲ್ಲಿ ನೆನೆಸಿ ಕೂದಲು ಕೆರೆದದ್ದು, ಕಟ್ಟಿಗೆಯ ಬಳೆ, ಬಿಗಿಯುವ ಚರ್ಮದ ದಾರ, ಪೂರ್ತಿಯಾದ ಹಲಗಿ, ಜೊತೆಗೆ ದಪ್ಪನೆಯದೊಂದು ತೆಳ್ಳನೆಯದೊಂದು ಕೋಲು. ನೋಡುವವರಿಗೆ ಒಂದು ವ್ಯತ್ಯಾಸ ಕಾಣಬೇಕು. ಕೆರಕ್ಕೆ ಹೋಗುವ ಚರ್ಮವನ್ನು ತಂಗಡಿ ತೊಗಟೆಯಂಥದರಲ್ಲಿ ಹದ ಮಾಡಿ ಮೆತ್ತಗಾಗಿಸುತ್ತಾರೆ. ವಾದ್ಯಕ್ಕೆ ಹಾಗೆ ಹದ ಮಾಡದ ಚರ್ಮ ಬೇಕು. ಅದನ್ನು ಹಸಿಯಿದ್ದಾಗಲೇ ಎಳೆದು ಕಟ್ಟಿದರೆ ಒಣಗುತ್ತ ತಾನೇ ಬಿಗಿಯುತ್ತದೆ. ಯಾವ ಬದಿ ಮೊದಲು ಎಳೆಯಬೇಕು, ಎಷ್ಟು ಎಳೆದರೆ ಹರಿಯುತ್ತದೆ ಎಂಬುದು ಕೈಗೆ ಗೊತ್ತಿರುವ ವಿದ್ಯೆ. ಕೂತವರಲ್ಲಿ ಹಲವರು ಜೀವನದಲ್ಲಿ ಮೊದಲ ಸಲ ಅದನ್ನು ವಿದ್ಯೆ ಎಂದು ನೋಡುತ್ತಾರೆ. ಅದಕ್ಕಾಗಿ ಅವಸರ ಮಾಡದೆ ಪೂರ್ತಿ ಒಂದೂಕಾಲು ಗಂಟೆ ಬಿಡಿ.

ವಾಸನೆ ಇರುತ್ತದೆ. ಮೂಗು ಮುಚ್ಚಿಕೊಳ್ಳುವವರೂ ಇರುತ್ತಾರೆ, ಮುಖ್ಯವಾಗಿ ವಿದ್ಯಾರ್ಥಿಗಳು. ಮೇಜನ್ನು ಗಾಳಿಯಾಡುವ ಕಿಟಕಿಯ ಬಳಿ ಇಡಿ. ಊದಿನಕಡ್ಡಿ, ಸ್ಪ್ರೇ ತರಬೇಡಿ. ಚರ್ಮದ ಕೆಲಸದವರ ಮುಂದೆಯೇ ಅದನ್ನು ಹೊಡೆದರೆ ಹಳೆಯ ಗಾಯಕ್ಕೆ ಕೈ ಹಾಕಿದಂತೆ. ವಿದ್ಯಾರ್ಥಿಗಳಿಗೆ ಹಿಂದಿನ ದಿನವೇ ತಿಳಿಸಿ ಹೇಳಲು ಅವರ ಶಿಕ್ಷಕರನ್ನು ಕೋರಿ.

ಮೇಜಿನ ಮೇಲಿನ ಎಲ್ಲವನ್ನೂ ಮುಟ್ಟಲು ಬಿಡಿ. ಅಂಧರಿಗೆ ಸಂಗೀತ ಕಲಿಸುವ ಗದಗಿನ ವೀರೇಶ್ವರ ಪುಣ್ಯಾಶ್ರಮದಂಥ ನೆಲೆ ಇರುವ ಸೀಮೆ ಇದು, ಕಣ್ಣು ಕಾಣದವರು ಸಂಗೀತ ಸಭೆಗಳಿಗೆ ಬರುತ್ತಾರೆ. ಅವರ ಜೊತೆ ಒಬ್ಬ ಸ್ವಯಂಸೇವಕರು ನಿಂತು ವಾದ್ಯವನ್ನು ಕೈಗಿಟ್ಟು ವಿವರಿಸಲಿ. ಚಿತ್ರಗಳು ಎ3 ಗಾತ್ರದಲ್ಲಿ 20 ಸಾಕು. ಸುತಳಿಗೆ ಬಟ್ಟೆ ಕ್ಲಿಪ್ಪಿನಿಂದ ತೂಗುಹಾಕಿ, ಚಿತ್ರದ ನಡುಭಾಗ ನೆಲದಿಂದ ಐದು ಅಡಿ ಎತ್ತರದಲ್ಲಿರಲಿ. ಚಿತ್ರದ ಕೆಳಗಿನ ಬರಹ 40 ಪದ ದಾಟದಿರಲಿ.

ಧ್ವನಿ

ಹಲಗಿಗೆ ಮೈಕು ಬೇಡ. ಹಂಚು ಹಾಕಿದ ಮುಚ್ಚಿದ ಸಭಾಂಗಣದಲ್ಲಿ ಆರು ಹಲಗಿ ಒಟ್ಟಿಗೆ ಬಡಿದರೆ ಸದ್ದು ಗೋಡೆಗೆ ಬಡಿದು ಕಲಸುತ್ತದೆ, ಲಯವೇ ಕೇಳಿಸುವುದಿಲ್ಲ. ಅದರ ಮೇಲೆ ಮೈಕು ಇಟ್ಟರೆ ಕಿವಿಗೆ ಹಿಂಸೆ. ಅಂಗಳದಲ್ಲಿ ಬಡಿಸಿ. ಮೊದಲ ಸಾಲು 15 ಅಡಿ ದೂರವಿರಲಿ, ಎಳೆ ಮಕ್ಕಳು ಹಿಂದೆ. ಮಾತಿಗೆ 120 ಜನರಿಗೆ ಎರಡು ಸ್ಪೀಕರ್, ಎರಡು ಕಾರ್ಡ್‌ಲೆಸ್, ಸ್ಟ್ಯಾಂಡಿನ ಜೊತೆ ಎರಡು ವೈರ್ ಮೈಕು ಸಾಕು. ಕಾರ್ಡ್‌ಲೆಸ್‌ಗೆ ಹೊಸ ಸೆಲ್ಲುಗಳು ಎರಡು ಜೊತೆ ಕೈಯಲ್ಲಿರಲಿ. ಕಲಾವಿದರಿಗೆ ನೆಲದ ಮೇಲೆ ಕೂತು ಮಾತಾಡುವ ರೂಢಿಯಿದ್ದರೆ ಗಿಡ್ಡ ಸ್ಟ್ಯಾಂಡು ಕೇಳಿ ತರಿಸಿ, ಇಲ್ಲದಿದ್ದರೆ ಮೈಕು ಹಿಡಿದ ಕೈಯ ಮೇಲೆಯೇ ಅವರ ಗಮನ ಹೋಗುತ್ತದೆ. ಹೆಸ್ಕಾಂ ನಿರ್ವಹಣೆಗೆಂದು ವಿದ್ಯುತ್ ತೆಗೆಯುವ ಪ್ರಕಟಣೆಯನ್ನು ಹಿಂದಿನ ದಿನದ ಪತ್ರಿಕೆಯಲ್ಲಿ ನೋಡಿ. ಬಾಡಿಗೆಗೆ 5 ಕೆವಿಎ ಜನರೇಟರ್ ತಂದರೆ ಈ ಧ್ವನಿ ಮತ್ತು ದೀಪಗಳಿಗೆ ಸಾಕಾಗುತ್ತದೆ.

ಮಾತುಕತೆ ನಡೆಸುವವರಿಗೆ

ನಿರೂಪಣೆ ಬೇರೆ, ಸಂವಾದ ನಡೆಸುವುದು ಬೇರೆ. ಹನಿಗವನ ಹೇಳುತ್ತ ಹೊಗಳುವವರು ಇಲ್ಲಿ ಬೇಡ. ಕಡಿಮೆ ಮಾತಾಡುವ, ಗಡಿಯಾರ ನೋಡುವ, ಗಟ್ಟಿ ಮನಸ್ಸಿನ ಒಬ್ಬರು ಬೇಕು. ಹೆಣ್ಣುಮಕ್ಕಳಾದರೆ ಇನ್ನೂ ಒಳ್ಳೆಯದು.

ಕಲಾವಿದರಿಗೆ "ನಿಮ್ಮ ಅನುಭವ ಹೇಳಿ" ಎಂದು ಕೇಳಬೇಡಿ, ಏನು ಹೇಳಬೇಕೆಂದು ತಿಳಿಯದೆ ಕೈ ಮುಗಿದು ಬಿಡುತ್ತಾರೆ. ಕೈಗೆ ಸಿಗುವ ಪ್ರಶ್ನೆ ಕೇಳಿ. ಮೊದಲ ಹಲಗಿ ಯಾರು ಕೊಟ್ಟರು? ಜಾತ್ರೆಯಲ್ಲಿ ಬಡಿಯುವಾಗ ನಿಲ್ಲುವುದು ಎಲ್ಲಿ, ಊಟ ಎಲ್ಲಿ? ಬಡಿಯಲ್ಲ ಎಂದ ದಿನ ಊರಿನವರು ಏನಂದರು? ನಿಮ್ಮ ಮಕ್ಕಳಿಗೆ ಕಲಿಸಿದ್ದೀರಾ? ಕೊನೆಯ ಪ್ರಶ್ನೆಗೆ ಒಬ್ಬೊಬ್ಬರ ಉತ್ತರ ಒಂದೊಂದು, ಅಲ್ಲಿಂದಲೇ ನಿಜವಾದ ಚರ್ಚೆ ಶುರುವಾಗುತ್ತದೆ. ಮನೆಯ ಹೆಂಗಸರನ್ನೂ ಈ ಸಾಲಿನಲ್ಲಿ ಕೂರಿಸಿ. ಬಡಿಯುವ ಕೈ ಕಾಣುತ್ತದೆ, ಮನೆಯನ್ನು ನಡೆಸಿದ ಕೈಯ ಮಾತನ್ನು ಯಾರೂ ಕೇಳಿರುವುದಿಲ್ಲ.

ಊಟದ ನಂತರ ಎಂಟೆಂಟು ಜನರ ಗುಂಪು ಮಾಡಲು ಬಾಗಿಲಲ್ಲೇ ಬಣ್ಣದ ಚೀಟಿ ಕೊಟ್ಟಿರಿ, ಒಟ್ಟಿಗೆ ಬಂದವರು ಬೇರೆ ಬೇರೆ ಗುಂಪಿಗೆ ಹೋಗಲಿ. ಪ್ರತಿ ಗುಂಪಿನಲ್ಲಿ ಒಬ್ಬ ಕಲಾವಿದರು. ಗುಂಪಿಗೆ ಒಂದೇ ಪ್ರಶ್ನೆ: ನಮ್ಮ ಊರಿನ ಜಾತ್ರೆಯಲ್ಲಿ ಬರುವ ವರ್ಷ ಏನು ಬದಲಾಗಬೇಕು? ಗೌರವಧನ ಗೊತ್ತು ಮಾಡುವುದು, ಕುಡಿಯುವ ನೀರು, ಕೂರುವ ಜಾಗ, ಒಂದೇ ಪಂಕ್ತಿಯ ಊಟ, ಇಂಥವು ಹೊರಬರುತ್ತವೆ. ಬರೆದುಕೊಳ್ಳುವವರು ಬಂದ ಮಾತನ್ನು ಬಂದಂತೆ ಬರೆಯಲಿ, ತಮ್ಮ ಭಾಷೆಗೆ ತಿದ್ದುವುದು ಬೇಡ.

ದೊಡ್ಡ ಸಂವಾದದಲ್ಲಿ ಪ್ರಶ್ನೆಗೆ ಒಂದು ನಿಮಿಷ. ಮೈಕು ಸ್ವಯಂಸೇವಕರ ಕೈಯಲ್ಲೇ ಇರಲಿ, ಕೇಳುವವರ ಕೈಗೆ ಹೋದರೆ ತಿರುಗಿ ಬರುವುದಿಲ್ಲ. ಮೊದಲ ಮೂರು ಅವಕಾಶ ಹೆಣ್ಣುಮಕ್ಕಳಿಗೆ ಮತ್ತು ವಿದ್ಯಾರ್ಥಿಗಳಿಗೆ. ಎದ್ದು ಮಾತಾಡಲು ಹಿಂಜರಿಯುವವರಿಗೆ ಚೀಟಿ, ಪೆನ್ಸಿಲ್ ಕೊಡಿ.

"ಈಗ ಜಾತಿ ಎಲ್ಲೈತ್ರಿ, ಇದನ್ನ ಕೆದಕಿ ನೀವ ಜಗಳ ಹಚ್ಚಾಕತ್ತೀರಿ" ಎನ್ನುವವರು ಒಬ್ಬರಾದರೂ ಇರುತ್ತಾರೆ. ಅವರನ್ನು ಕೂಗಿ ಕೂರಿಸಬೇಡಿ. ಬೆಳಿಗ್ಗೆ ಕೇಳಿದ ಮಾತಿನಿಂದಲೇ ಒಂದು ಸಂಗತಿ ಎತ್ತಿ, ಆ ಊಟದ ಜಾಗದ ಬಗ್ಗೆ ಏನನ್ನುತ್ತೀರಿ ಎಂದು ತಿರುಗಿ ಕೇಳಿ. ಜಾತಿ ಹೆಸರಿನಲ್ಲಿ ನಿಂದಿಸಿದರೆ ಅದು ಬೇರೆ ವಿಷಯ. ಮೈಕು ನಿಲ್ಲಿಸಿ, ಇಬ್ಬರು ಹಿರಿಯ ಸ್ವಯಂಸೇವಕರು ಅವರನ್ನು ಹೊರಗೆ ಕರೆದೊಯ್ಯಲಿ; 1989ರ ದೌರ್ಜನ್ಯ ತಡೆ ಕಾಯ್ದೆ ಇದೆ ಎಂಬುದು ಸಂಘಟಕರಿಗೆ ಗೊತ್ತಿರಲಿ, ದೂರು ಕೊಡುವ ನಿರ್ಧಾರ ನೊಂದವರದು, ಅವರು ಕೊಡುತ್ತೇವೆ ಎಂದರೆ ಜೊತೆಗೆ ಠಾಣೆಗೆ ಹೋಗುವುದು ನಿಮ್ಮ ಕೆಲಸ.

ಊಟ

120 ಜನರಿಗೆ ಜೋಳದ ರೊಟ್ಟಿ 330, ಎಣಗಾಯಿಗೆ ಬದನೆಕಾಯಿ 12 ಕೆಜಿ, ಅಕ್ಕಿ 10 ಕೆಜಿ, ಸಾರಿಗೆ ತೊಗರಿಬೇಳೆ 3.5 ಕೆಜಿ, ಶೇಂಗಾ ಹಿಂಡಿ 2 ಕೆಜಿ, ಮೊಸರು 10 ಲೀಟರ್, 20 ಲೀಟರಿನ ನೀರಿನ ಕ್ಯಾನು 15. ರೊಟ್ಟಿಯನ್ನು ಹೆಣ್ಣುಮಕ್ಕಳ ಸ್ವಸಹಾಯ ಸಂಘಕ್ಕೆ ನಾಲ್ಕು ದಿನ ಮೊದಲು ಹೇಳಿ. ಅಡುಗೆಯನ್ನು ದಲಿತ ಕೇರಿಯ ಸಂಘದವರು ಮಾಡಿದರೆ ಮುಚ್ಚಿಡುವುದೂ ಬೇಡ, ಮೈಕಿನಲ್ಲಿ ಸಾರುವುದೂ ಬೇಡ.

ಅತಿಥಿಗಳಿಗೆ ಬೇರೆ ಕೋಣೆ ಎಂಬ ಏರ್ಪಾಡನ್ನು ಸಭಾಂಗಣದವರು ತಾವಾಗಿಯೇ ಮಾಡಿರುತ್ತಾರೆ. ಬೆಳಿಗ್ಗೆಯೇ ಹೋಗಿ ಆ ಕೋಣೆಗೆ ಬೀಗ ಹಾಕಿಸಿ. ಒಂದೇ ಪಂಕ್ತಿ, ನೆಲದ ಮೇಲೆ ಚಾಪೆ; ಮೊಣಕಾಲು ನೋವಿನವರಿಗೆ ಅದೇ ಸಾಲಿನಲ್ಲಿ ಕುರ್ಚಿ. ಬಡಿಸುವವರಲ್ಲಿ ಸಂಘಟಕರೂ ಇರಲಿ.

ದಾಖಲೆ

ಕಲಾವಿದರ ಅನುಮತಿ ಇಲ್ಲದೆ ಪ್ರದರ್ಶನವನ್ನು ರೆಕಾರ್ಡ್ ಮಾಡುವುದು 1957ರ ಕೃತಿಸ್ವಾಮ್ಯ ಕಾಯ್ದೆಯ 38 ಮತ್ತು 38ಎ ಕಲಮುಗಳ ಪ್ರಕಾರ ಅವರ ಹಕ್ಕಿನ ಉಲ್ಲಂಘನೆ. ಆ ಹಕ್ಕು 50 ವರ್ಷ ಇರುತ್ತದೆ. ಒಪ್ಪಿಗೆ ಪತ್ರವನ್ನು ಒಂದೇ ಪುಟದ ಸರಳ ಕನ್ನಡದಲ್ಲಿ ಬರೆದು ಗಟ್ಟಿಯಾಗಿ ಓದಿ ಹೇಳಿ. ಬಡಿಯುವುದನ್ನು ಚಿತ್ರಿಸಲು ಒಪ್ಪಿಗೆ, ಮಾತನ್ನು ಚಿತ್ರಿಸಲು ಒಪ್ಪಿಗೆ, ಯೂಟ್ಯೂಬಿಗೆ ಹಾಕಲು ಒಪ್ಪಿಗೆ, ಇವು ಮೂರು ಬೇರೆ ಬೇರೆ ಸಾಲು. ಊರಿನ ದೊಡ್ಡವರ ಹೆಸರು ಹೇಳಿ ಆಡಿದ ಮಾತು ಮೊಬೈಲಿನಲ್ಲಿ ಹರಿದಾಡಿದರೆ ಮರುದಿನ ತೊಂದರೆ ಅನುಭವಿಸುವವರು ಅವರು, ಸಂಘಟಕರಲ್ಲ. ಅದಕ್ಕೇ ನೇರ ಪ್ರಸಾರ ಬೇಡ. ಮಧ್ಯಾಹ್ನದ ಗುಂಪು ಮಾತಿನ ಹೊತ್ತಿಗೆ ಎಲ್ಲರ ಮೊಬೈಲೂ ಜೇಬಿನೊಳಗೆ.

ಹಾಡು ಸೇರಿಸುವುದಿದ್ದರೆ: ವಚನಗಳಿಗೆ, 1889ರಲ್ಲಿ ತೀರಿಕೊಂಡ ಶಿಶುನಾಳ ಶರೀಫರ ಪದಗಳಿಗೆ ಕೃತಿಸ್ವಾಮ್ಯದ ತೊಡಕಿಲ್ಲ. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವನಗಳಿಗೆ 2041ರ ಕೊನೆಯವರೆಗೆ ಇದೆ, ಚಿತ್ರಿಸಿ ಹಂಚುವ ಮೊದಲು ಹಕ್ಕುದಾರರ ಅನುಮತಿ ಕೇಳಬೇಕು.

ಮುಗಿದ ಮೇಲೆ

ಕಲಾವಿದರು ಹೊರಡುವ ಮೊದಲೇ ಪ್ರತಿಯೊಬ್ಬರಿಗೂ ಸಂಸ್ಥೆಯ ಲೆಟರ್‌ಹೆಡ್ಡಿನಲ್ಲಿ ಪ್ರಮಾಣಪತ್ರ ಕೊಡಿ: ಪೂರ್ಣ ಹೆಸರು, ವಾದ್ಯ, ದಿನಾಂಕ, ಜಾಗ, ಸಹಿ, ಮುದ್ರೆ. ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕುವಾಗ ಪ್ರದರ್ಶನ ಕೊಟ್ಟ ದಾಖಲೆ ಕೇಳುತ್ತಾರೆ; ಜೀವನವಿಡೀ ಬಡಿದೂ ಒಂದು ಹಾಳೆ ಇಲ್ಲದವರು ಎಷ್ಟೋ ಜನ. ಶಾಲು-ಹಾರದ ದುಡ್ಡಿನಲ್ಲಿ ಇದನ್ನು ಒಳ್ಳೆಯ ಕಾಗದದ ಮೇಲೆ ಮಾಡಿಸಬಹುದು. ಅದೇ ವಾರ ಪತ್ರಿಕೆಯಲ್ಲಿ ಬಂದ ವರದಿಯ ಝೆರಾಕ್ಸನ್ನೂ ತಲುಪಿಸಿ.

ಎರಡು ವಾರದೊಳಗೆ ಜಮಾ-ಖರ್ಚು ಬರೆದು ಹಣ ಕೊಟ್ಟವರಿಗೂ ಕಲಾವಿದರಿಗೂ ಒಂದೇ ಹಾಳೆ ಕಳಿಸಿ. ಚಿತ್ರ, ವಿಡಿಯೊಗಳನ್ನು ಪೆನ್‌ಡ್ರೈವಿನಲ್ಲಿ ಹಾಕಿ ಕೇರಿಗೆ ಒಯ್ದು, ಹೊರಗೆ ಕೊಡುವ ಮೊದಲು ಅವರ ಜೊತೆ ಕೂತು ನೋಡಿ, ತೆಗೆಯಬೇಕೆಂದ ಭಾಗವನ್ನು ಅಲ್ಲೇ ಗುರುತು ಮಾಡಿಕೊಳ್ಳಿ. ಗುಂಪುಗಳಲ್ಲಿ ಬರೆದುಕೊಂಡ ಬೇಡಿಕೆಗಳನ್ನು ಒಂದು ಪುಟಕ್ಕೆ ಇಳಿಸಿ, ಕಲಾವಿದರು ಒಪ್ಪಿದ ಮೇಲೆ, ಅವರು ಹೇಳಿದ ಊರುಗಳ ಜಾತ್ರಾ ಸಮಿತಿಗೆ ಮತ್ತು ಗ್ರಾಮ ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಜಾತ್ರೆಗೆ ಎರಡು ತಿಂಗಳು ಇರುವಾಗಲೇ ಇದು ಆಗಬೇಕು. ಜಾತ್ರಾ ಸಮಿತಿಯ ಸಭೆ ಮುಗಿದು ಪಟ್ಟಿ ಹಾಕಿದ ಮೇಲೆ ಕೊಟ್ಟರೆ ಬರುವ ವರ್ಷ ನೋಡೋಣ ಎನ್ನುತ್ತಾರೆ.